ಅಳಿಲಮ್ಮನ ತೊಟ್ಟಿಲು

ಊರವರ ಮರಿಗಳನ್ನೆಲ್ಲ ಹಗಲು ಹೊತ್ತು ನೋಡಿಕೊಳ್ಳುವ ಅಳಿಲಮ್ಮನಿಗೆ ಅಂದು ತನಿಖೆಯ ದಿನ. ತನಿಖೆಗೆ ಬಂದ ಮರಕುಟಿಗ ಒಪ್ಪದಿದ್ದರೆ ಅವಳ ಶಿಶುವಿಹಾರಕ್ಕೆ ಬೀಗ. ತೊಟ್ಟಿಲಿನ ಪಕ್ಕದ ಕಡ್ಡಿಯೊಂದು ಮುರಿದಿತ್ತು. ಆ ಸಂದಿಗೆ ಅವಳು ಬೆಳಿಗ್ಗೆಯೇ ಬೂರುಗದ ಹತ್ತಿ ತುರುಕಿದ್ದಳು.

ಮರಕುಟಿಗ ಅಲ್ಲಿಗೇ ಕೊಕ್ಕಿಟ್ಟ. ಹತ್ತಿಯ ಜೊತೆ ಅವನ ತಲೆಯೂ ಆಚೆ ತೂರಿತು.

"ಇದೇನಮ್ಮ?"

"ಮರಿಗಳಿಗೆ ಮೆತ್ತಗಿರಲಿ ಅಂತ, ಸ್ವಾಮಿ. ಮೂರು ತಲೆಮಾರು ಮಲಗಿದ ತೊಟ್ಟಿಲು. ಯಾರಿಗೂ ಏನೂ ಆಗಿಲ್ಲ."

"ಈ ಸಂದಿಯಲ್ಲಿ ಮರಿಯ ಮೈ ಜಾರಿದರೆ ಕತ್ತು ಸಿಕ್ಕಿಕೊಳ್ಳುತ್ತದೆ. ಹತ್ತಿ ಮೂಗು ಮುಚ್ಚಿದರೆ ಅಳುವುದಕ್ಕೂ ಉಸಿರಿರುವುದಿಲ್ಲ."

"ಒಂದು ಕಡ್ಡಿಗೆ ಇಷ್ಟು ರಂಪವೇ? ಇವತ್ತೊಂದು ದಿನ ನಡೆಸಿಕೊಡಿ. ಮರದ ಕೆಳಗೆ ತಾಯಂದಿರು ಮರಿಗಳನ್ನು ಹೊತ್ತು ನಿಂತಿದ್ದಾರೆ."

"ಆಗಲಿ. ಮೊದಲು ನಿಮ್ಮ ಮರಿಯನ್ನು ಮಲಗಿಸಿ."

ಅಳಿಲಮ್ಮ ಸರಸರ ಪೊಟರೆಗೆ ಹೋಗಿ ತನ್ನ ಮರಿಯನ್ನು ಎತ್ತಿ ತಂದಳು. ತೊಟ್ಟಿಲಿನ ಮೇಲೆ ಹಿಡಿದಳು. ಇಳಿಸಲು ಕೈ ಬರಲಿಲ್ಲ.

ಮರಕುಟಿಗ ಕೇಳಿದ: "ತಾಯಂದಿರಿಗೆ ಏನು ಹೇಳಲಿ?"

ಅಳಿಲಮ್ಮ ಮರಿಯನ್ನು ಎದೆಗವುಚಿಕೊಂಡಳು. "ನೀವು ಬೇಡ, ತೊಟ್ಟಿಲು ಮುರಿದಿದೆ ಅಂತ ನಾನೇ ಹೇಳುತ್ತೇನೆ" ಎಂದು ತಲೆ ತಗ್ಗಿಸಿ ಮರ ಇಳಿದಳು.