ದೊರೆಗೆ ಬಾಯಾರಿದ ದಿನ

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ಒಂದು ರಾಜ್ಯದಲ್ಲಿ ರಾಚಯ್ಯನೆಂಬ ವೀಣೆಗಾರನಿದ್ದ. ಅರಮನೆಗೆ ಹೋಗುವುದು, "ಊರಿಗೆಲ್ಲ ನೀರುಣಿಸಿದ ದೊರೆಯೇ" ಎಂದು ಹಾಡುವುದು, ಶಾಲು ಹೊದ್ದು ಮನೆಗೆ ಬರುವುದು. ಇಷ್ಟೇ ಅವನ ಪ್ರಪಂಚ. ದೊರೆ ತನ್ನ ತಾವರೆಗಳಿಗೆಂದು ಊರಕೆರೆಗೆ ಬೇಲಿ ಹಾಕಿಸಿದ್ದು ಅವನಿಗೆ ಗೊತ್ತೇ ಇರಲಿಲ್ಲ. ನೀರು ಹೊರುತ್ತಿದ್ದವಳು ಅವನ ಹೊಸ ಹೆಂಡತಿ ನಿಂಗಾಜಮ್ಮ.

ಒಂದು ದಿನ ಸ್ನಾನಕ್ಕೆ ನೀರಿಲ್ಲ. ಮರುದಿನ ಸಾರಿಗೆ ನೀರಿಲ್ಲ. ಮೂರನೆಯ ದಿನ ಕುಡಿಯುವುದಕ್ಕೂ ಇಲ್ಲ.

"ನಿಂಗಾಜೀ, ಏನೇ ಇದು?"

"ನಿಮ್ಮ ಹಾಡಲ್ಲಿ ಬೇಕಾದಷ್ಟು ನೀರಿದೆಯಲ್ಲ, ಅದನ್ನೇ ಹಿಂಡಿಕೊಂಡು ಕುಡೀರಿ!" ಎಂದು ನಕ್ಕಳು. ನಕ್ಕು, ಅವನ ಹೆಗಲಿಗೊಂದು ಕೊಡ ಏರಿಸಿದಳು. "ಬನ್ನಿ ನನ್ನ ಜೊತೆ."

ಬೇಲಿ ಬಳಸಿ, ಗುಡ್ಡ ದಾಟಿ, ಒಣಗಿದ ಹಳ್ಳಕ್ಕೆ ಬಂದರು. ಮರಳು ಬಗೆದ ಗುಂಡಿಯಲ್ಲಿ ಹೆಂಗಸರು ತೆಂಗಿನ ಚಿಪ್ಪಿನಿಂದ ನೀರು ಮೊಗೆಯುತ್ತಿದ್ದರು.

"ಅರಮನೆ ಹಾಡುಗಾರ ನೀನೇ ಅಲ್ವೇನಪ್ಪ?" ಎಂದಳು ಒಬ್ಬ ಅಜ್ಜಿ. "ಆ ನೀರಿನ ಹಾಡು ಹಾಡು, ಗುಂಡಿ ಉಕ್ಕುತ್ತೇನೋ ನೋಡೋಣ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿಂಗಾಜಮ್ಮ ಮಾತ್ರ ನಗಲಿಲ್ಲ. ಗಂಡನ ಮುಖವನ್ನೇ ನೋಡಿದಳು. ಅವನಿಗೆ ಅದೇ ಹೆಚ್ಚು ಚುಚ್ಚಿತು.

"ಇನ್ನು ನಾನು ಆ ಹಾಡು ಹಾಡಲ್ಲ ಕಣೇ. ದೊರೆ ಸೆರೆಗೆ ಹಾಕಿದರೆ ಹಾಕಲಿ."

"ಸೆರೆಗೆ ಯಾಕೆ ಹೋಗ್ತೀರಿ? ಶುರು ಮಾಡಿ. ಮುಗಿಸಬೇಡಿ, ಅಷ್ಟೇ."

ಯಾಕೆ ಹಾಗಂದಳು ಗೊತ್ತೇ? ದೊರೆಯೇ ಮಾಡಿದ ಕಟ್ಟಳೆಯೊಂದಿತ್ತು. ಸಭೆಯಲ್ಲಿ ವೀಣೆ ಶುರುವಾದರೆ ಮಂಗಳ ಹಾಡುವವರೆಗೆ ಯಾರೂ, ದೊರೆಯೇ ಆದರೂ, ಏಳಬಾರದು, ಏನೂ ಕುಡಿಯಬಾರದು. ತಪ್ಪಿದವನ ತಲೆ ಬೋಳಿಸಿ ಕತ್ತೆಯ ಮೇಲೆ ಮೆರವಣಿಗೆ!

ಮರುದಿನ ಸಭೆಗೆ ನೆರೆರಾಜ್ಯದ ದೊರೆಯೂ ಬಂದಿದ್ದ. ರಾಚಯ್ಯ ಆಲಾಪನೆ ಎತ್ತಿಕೊಂಡ. ಹೊತ್ತು ನೆತ್ತಿಗೆ ಬಂದರೂ ಅದು ಮುಗಿಯಲಿಲ್ಲ. ಅವನ ನಾಲಗೆಯೂ ಒಣಗಿತ್ತು. ಬೆರಳು ಮಾತ್ರ ನಿಲ್ಲಲಿಲ್ಲ. ದೊರೆ ಒಮ್ಮೆ ಕೆಮ್ಮಿದ. ಇನ್ನೊಮ್ಮೆ ಗಂಟಲು ತೋರಿಸಿದ. ಮೂರನೆಯ ಸಲ ಕೈಯನ್ನೇ ಮುಗಿದ.

"ಮಂಗಳ ಹಾಡೋ ಮಾರಾಯ!"

"ಹಾಡಿನಲ್ಲಿ ತಾವು ನೀರು ಕೊಟ್ಟಿದ್ದೀರಿ ಮಹಾಸ್ವಾಮಿ, ಊರಿನಲ್ಲಿ ಕೊಟ್ಟಿಲ್ಲ. ಸುಳ್ಳಿಗೆ ಮಂಗಳ ಹಾಡಿದರೆ ಅರಮನೆಗೇ ಅಮಂಗಳ. ಬೇಲಿ ಕಿತ್ತ ಸುದ್ದಿ ಬರಲಿ, ಹಾಡ್ತೀನಿ."

ನೆರೆಯ ದೊರೆ ಮೀಸೆಯಲ್ಲೇ ನಕ್ಕ. ನಮ್ಮ ದೊರೆ ತನ್ನ ಗುಂಗುರು ಕೂದಲನ್ನೊಮ್ಮೆ ಮುಟ್ಟಿ ನೋಡಿಕೊಂಡ.

"ಕಿತ್ತು ಹಾಕ್ರೋ ಬೇಲೀನ!" ಎಂದು ಕೂತಲ್ಲಿಂದಲೇ ಹೊರಗಿನ ಕಾವಲಿನವರಿಗೆ ಕೂಗಿದ.

ಕೆರೆಯ ಕಡೆಯಿಂದ ಹೋ ಎಂಬ ಕೂಗೆದ್ದಿತು. ರಾಚಯ್ಯ ಮಂಗಳ ಹಾಡಿದ. ದೊರೆ ಹೂಜಿಯನ್ನೇ ಎತ್ತಿ ಗಟಗಟ ಕುಡಿದ. ಸಿಟ್ಟು ಬರಲಿಲ್ಲವೇ ಅಂತೀರಾ? ಬಂತು. ಆದರೆ ಊರಿಗೆ ಊರೇ ಕೊಡ ಹೊತ್ತು ಜೈಕಾರ ಹಾಕುವಾಗ ಹೇಗೆ ತೋರಿಸಿಯಾನು?

ಅಂದಿನಿಂದ ರಾಚಯ್ಯ ಹೊಸ ಹಾಡು ಕಟ್ಟುವ ಮುಂಚೆ ಹೆಂಡತಿಯ ಜೊತೆ ಊರೊಳಗೊಂದು ಸುತ್ತು ಹಾಕಿ ಬರುತ್ತಿದ್ದ.

ನೆನಪಿಡಿ ಮಕ್ಕಳೇ: ಯಾರನ್ನಾದರೂ ಹೊಗಳುವ ಮೊದಲು, ಅವರ ಕೈಕೆಳಗಿರುವವರು ಹೇಗಿದ್ದಾರೆಂದು ಹೋಗಿ ನೋಡಬೇಕು.