ಹೆಸರು ಗೊತ್ತಿಲ್ಲದ ನಾಲ್ಕು ಊಟ

ಹೊಸ ಮನೆಯ ಅಂದಾಜು ಪಟ್ಟಿಯ ಕೊನೆಯ ಸಾಲು ಓದಿ ನಿವೃತ್ತ ತಹಶೀಲ್ದಾರ್ ತಿಪ್ಪೇರುದ್ರಪ್ಪನವರು ಮೇಸ್ತ್ರಿಯನ್ನು ಕೆಕ್ಕರಿಸಿ ನೋಡಿದರು.

"ಅನಿರೀಕ್ಷಿತ ಖರ್ಚು, ನೂರಕ್ಕೆ ಹತ್ತು. ಯಾವ ಖರ್ಚಯ್ಯಾ ಅದು? ಹೆಸರು ಹೇಳು, ಇಲ್ಲಾ ಹೊಡೆದುಹಾಕು."

ಮೇಸ್ತ್ರಿ ಆ ಸಾಲು ಹೊಡೆದುಹಾಕಿದ.

ಗುದ್ದಲಿ ಪೂಜೆಯ ದಿನ ಊಟದ ಉಸ್ತುವಾರಿಯೂ ಅವನದೇ. ಸಾಹೇಬರು ಬರೆದುಕೊಟ್ಟದ್ದು ನಲವತ್ತು ಹೆಸರು, ಪಂಕ್ತಿಗೆ ಬಂದ ಅಡುಗೆಯೂ ನಲವತ್ತು ಜನಕ್ಕೇ. ಆದರೆ ಪುರೋಹಿತರ ಜೊತೆ ಅವರ ಷಡ್ಡಕ ಬಂದ. ಬೀಗರು ತಮ್ಮ ಬೀಗರನ್ನೂ ಕರೆತಂದರು. ಎಲ್ಲರಿಗೂ ಉಪಚಾರ ಹೇಳಿ, ಮನೆ ಯಜಮಾನರು ರೂಢಿಯಂತೆ ಎಲ್ಲರಿಗಿಂತ ಕೊನೆಗೆ ಕೂತರು. ಎಲೆಗೆ ಉಪ್ಪು ಬಂತು, ಉಪ್ಪಿನಕಾಯಿ ಬಂತು. ಆಮೇಲೆ ಏನೂ ಬರಲಿಲ್ಲ.

"ಅನ್ನ ಎಲ್ಲಯ್ಯಾ?"

"ಪಾತ್ರೆ ಖಾಲಿ ಸಾಹೇಬ್ರೆ."

"ನಾಲ್ಕು ಜನ ಹೆಚ್ಚಿಗೆ ಬರ್ತಾರೆ ಅಂತ ಅಷ್ಟೂ ತಿಳಿಯಲ್ವಾ?"

"ಅವರ ಹೆಸರು ಗೊತ್ತಿರಲಿಲ್ಲ ಸಾಹೇಬ್ರೆ."

ಸಾಹೇಬರು ಉಪ್ಪಿನಕಾಯಿ ನೆಕ್ಕಿದರು.

"ಆ ಅಂದಾಜು ಪಟ್ಟಿ ತಗೊಂಡು ಬಾ. ನೂರಕ್ಕೆ ಹದಿನೈದು ಅಂತ ಬರ್ಕೋ."

ಮೇಸ್ತ್ರಿ ಸಿಮೆಂಟ್ ಮೂಟೆಗಳ ಹಿಂದಿನಿಂದ ಮುಚ್ಚಿಟ್ಟಿದ್ದ ಬುತ್ತಿ ತಂದು ಎಲೆಯ ಮುಂದಿಟ್ಟ.

"ನಲವತ್ತಕ್ಕೆ ನಾಲ್ಕು ಊಟ ಹೆಚ್ಚಿಗೆ ಮಾಡಿಸಿ ಎತ್ತಿಟ್ಟಿದ್ದೆ. ನೂರಕ್ಕೆ ಹತ್ತೇ ಸಾಕು ಸಾಹೇಬ್ರೆ."