ಬೊಂಬೆಗೆ ಕೊಟ್ಟ ಮದ್ದು

ಆಸ್ಪತ್ರೆಯಲ್ಲಿ ಕಸ ಗುಡಿಸುವ ಹುಲಿಗೆವ್ವನ ಅನ್ನವನ್ನು ಮಕ್ಕಳ ಆಟಿಕೆಯೊಂದರ ಕೈಗೆ ಕೊಟ್ಟದ್ದು ಅನ್ಯಾಯ. ಕೊಟ್ಟವರು ಅಲ್ಲಿನ ದೊಡ್ಡ ಡಾಕ್ಟರ್ ಸಾಹೇಬರು.

ಆಟಿಕೆ ಎಂದರೆ ಮೇಜಿನ ಮೇಲೆ ಅಂಗಾತ ಮಲಗಿದ ರೋಗಿಯ ಬೊಂಬೆ. ಅದರ ಹೊಟ್ಟೆಯ ತೂತುಗಳಿಂದ ಚಿಮಟದಲ್ಲಿ ಎಲುಬು ಎತ್ತಬೇಕು. ಚಿಮಟ ಅಂಚಿಗೆ ತಾಗಿದರೆ ಬೊಂಬೆ ಕಿರ್ರೆಂದು ಕೂಗುತ್ತದೆ.

"ಆಸ್ಪತ್ರೆಯಲ್ಲಿ ಯಾರ ಕೈಯೂ ನಡುಗಬಾರದು. ಬೊಂಬೆ ಕೂಗಿದರೆ ನಾಳೆಯಿಂದ ಬರಬೇಡ," ಎಂದರು ಸಾಹೇಬರು.

ಕಸಬರಿಗೆ ಹಿಡಿದು ಹಿಡಿದು ಹುಲಿಗೆವ್ವನ ಕೈ ನಡುಗುತ್ತಿತ್ತು. ಅವಳು ಬೊಂಬೆಯ ಪಕ್ಕದ ಮುಚ್ಚಳ ತೆಗೆದು, ಅದನ್ನು ಕೂಗಿಸುವ ಬ್ಯಾಟರಿ ಸೆಲ್ ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಅಂಚಿಗೆಲ್ಲ ತಾಗಿಸುತ್ತ ಎಲುಬುಗಳನ್ನು ಆರಾಮಾಗಿ ಎತ್ತಿದಳು. ಬೊಂಬೆ ತುಟಿಪಿಟಕ್ಕೆನ್ನಲಿಲ್ಲ.

"ಏನಿದು?"

"ಮತ್ತು ಬರೋ ಮದ್ದು ಕೊಟ್ಟೆನ್ರೀ ಸಾಹೇಬ್ರ. ಎಚ್ಚರ ಇದ್ದಾಂವನ ಹೊಟ್ಟಿ ಕೊಯ್ದರ ಕೂಗದ ಇರ್ತಾನೇನ್ರೀ? ನೀವು ಹಂಗ ಕೊಯ್ತೀರೇನು?"

ಆಪರೇಷನ್ನಿಗೆ ಬಂದಿದ್ದ ರೋಗಿಯೊಬ್ಬ ಬಾಗಿಲಲ್ಲೇ ನಿಂತು ಸಾಹೇಬರ ಉತ್ತರಕ್ಕೆ ಕಾಯುತ್ತಿದ್ದ. ಅವನ ಒಂದು ಕಾಲು ಆಗಲೇ ಹೊರಗಿತ್ತು.

"ಇಲ್ಲಪ್ಪಾ, ಮೊದಲು ಮದ್ದೇ ಕೊಡುತ್ತೇವೆ," ಎಂದು ಸಾಹೇಬರು ಅವನಿಗೆ ಆಣೆ ಇಟ್ಟರು. ಹಾಗೆಂದ ಬಾಯಲ್ಲಿ ಹುಲಿಗೆವ್ವನನ್ನು ಹೋಗೆನ್ನಲು ಆಗಲಿಲ್ಲ.

ಬಡವರ ಅನ್ನ ಕಸಿಯುವ ಆ ಬೊಂಬೆ ನಿಮ್ಮೂರಿಗೂ ಬರುತ್ತದೆ. ಕೈಕಟ್ಟಿ ನಿಲ್ಲಬೇಡಿ. ಹೋಗಿ, ಮೊದಲು ಅದರ ಸೆಲ್ ಕೀಳಿ.